ಎಂಟು ಅಡಿಯ ಕೊಡೆ

ಮೇ ೯

ಅಣ್ಣನಿಗೆ,

ಕೂತುಕೊಂಡು ಓದು. ಗುತ್ತಿಗೆದಾರರ ನೋಂದಣಿ ನನ್ನ ಹೆಸರಿಗೆ ಬಂತು. ಇವತ್ತು ಹನ್ನೊಂದೂಕಾಲಿಗೆ ಪುರಸಭೆಯ ಎರಡನೇ ಮಹಡಿಯಲ್ಲಿ ಕೈಗೆ ಕೊಟ್ಟರು. ಮುದ್ರೆಯ ಶಾಯಿ ಒಣಗುವ ತನಕ ಕಾಯುವ ತಾಳ್ಮೆಯಿಲ್ಲದೆ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ. ಕೆಳಗೆ ಬಂದು ತೆಗೆದು ನೋಡಿದರೆ ಅರ್ಧ ಮುದ್ರೆ ನನ್ನ ಊಟದ ಡಬ್ಬಿಗೆ ಅಂಟಿತ್ತು. ಪರವಾಗಿಲ್ಲ, ನೋಂದಣಿ ಸಂಖ್ಯೆ ಓದಲು ಬರುತ್ತದೆ.

ಹತ್ತೊಂಬತ್ತು ವರ್ಷ ಈ ಶೆಡ್ಡಿನಲ್ಲಿ ತಗಡು ಬಡಿದಿದ್ದೇನೆ. ಕೆಲಸ ನನ್ನದು, ಸಹಿ ನಿನ್ನದು. ನೀನು ಊರು ಬಿಟ್ಟ ಮೇಲೂ ಎರಡು ವರ್ಷ ಪ್ರತಿಯೊಂದು ಅರ್ಜಿಯನ್ನೂ ಅಂಚೆಯಲ್ಲಿ ಕಳಿಸಿ, ನಿನ್ನ ಸಹಿ ಬರುವ ತನಕ ಅಂಗಡಿಯವರಿಂದ ಬೈಸಿಕೊಂಡು ಕೂತದ್ದು ನೆನಪಿದೆ ತಾನೇ? ಇನ್ನು ಅದಿಲ್ಲ.

ಮೊದಲ ಕೆಲಸ ಯಾವುದು ಗೊತ್ತೇ? ನಿನ್ನ ಕೊಡೆ. ಕೊಡೆ ಅಂಗಡಿಯ ಅಜ್ಜ ವ್ಯಾಪಾರವನ್ನು ಸೊಸೆಗೆ ಬಿಟ್ಟುಕೊಟ್ಟರು. ಹಾಗಾಗಿ ಬಾಗಿಲ ಮೇಲಿನ ತಗಡಿನ ಕೊಡೆಯ ಪರವಾನಗಿ ಆಕೆಯ ಹೆಸರಿಗೆ ವರ್ಗವಾಗಬೇಕು, ಗುತ್ತಿಗೆದಾರರ ಜಾಗಕ್ಕೆ ನನ್ನ ಹೆಸರು ಬರಬೇಕು, ನವೀಕರಣವೂ ಆಗಬೇಕು. ಸೆಪ್ಟೆಂಬರ್ ೧೦ಕ್ಕೆ ಅವಧಿ ಮುಗಿಯುತ್ತದೆ. ಹೊಸ ನಿಯಮದ ಪ್ರಕಾರ ಫುಟ್‌ಪಾತಿನ ಮೇಲೆ ಮೂರು ಅಡಿಗಿಂತ ಹೆಚ್ಚು ಚಾಚಿದ ಬೋರ್ಡು ಇರಕೂಡದು. ಆದರೆ ಇಪ್ಪತ್ತು ವರ್ಷಕ್ಕೂ ಹಳೆಯದಾಗಿದ್ದು, ಪರವಾನಗಿ ನಡುವೆ ತಪ್ಪದೆ, ಅಳತೆ ಬದಲಾಗದೆ ಇದ್ದರೆ ಉಳಿಸಿಕೊಳ್ಳಬಹುದು. ನಮ್ಮ ಕೊಡೆಗೆ ಮೂವತ್ತು ವರ್ಷ. ಒಂದು ದಿನವೂ ಪರವಾನಗಿ ತಪ್ಪಿಲ್ಲ. ಈ ಊರಿನಲ್ಲಿ ಹೀಗೆ ಉಳಿಯುವುದು ಅದೊಂದೇ.

ಅರ್ಜಿಯಲ್ಲಿ ಅಳತೆ ಏನು ಬರೆಯಲಿ? ಬೇಗ ತಿಳಿಸು. ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಸುತ್ತಿಗೆ

*

ಮೇ ೧೬

ಪ್ರೀತಿಯ ಸುತ್ತಿಗೆಗೆ,

ನೋಂದಣಿ ಸಿಕ್ಕಿದ್ದು ಸಂತೋಷ. ಮುದ್ರೆ ಅರ್ಧ ಇರುವ ಕಾಗದವನ್ನು ನಾನಾಗಿದ್ದರೆ ಅಲ್ಲೇ ಹಿಂದಕ್ಕೆ ಕೊಟ್ಟು ಇನ್ನೊಂದು ಹಾಕಿಸಿಕೊಳ್ಳುತ್ತಿದ್ದೆ. ಆ ಕಚೇರಿಯ ವಿಷಯ ನಿನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಶೆಡ್ಡಿಗೆ ಕೊಟ್ಟ ಕಾಗದದಲ್ಲಿ ನಮ್ಮ ಬೀದಿಯನ್ನೇ ಬೇರೆ ವಾರ್ಡಿಗೆ ಸೇರಿಸಿದ್ದರು. ಹದಿನಾಲ್ಕು ವರ್ಷದ ಹಿಂದೆ ಔಷಧಿ ಅಂಗಡಿಯ ಬೋರ್ಡಿಗೆ ಬೇಕರಿಯ ಪರವಾನಗಿ ಕೊಟ್ಟರು. ಎರಡಕ್ಕೂ ನಾನು ದೂರು ಬರೆದೆ, ಎರಡನ್ನೂ ತಿದ್ದಿಸಿದೆ, ಎರಡರ ನಕಲೂ ನನ್ನ ಟ್ರಂಕಿನಲ್ಲಿದೆ. ಪುರಸಭೆಯ ನಿಯಮಪುಸ್ತಕವನ್ನು ಅಲ್ಲಿನ ನೌಕರರಿಗಿಂತ ಮೊದಲು ಓದಿ ಮುಗಿಸಿದವನು ನಾನು.

ಫೋನು ಮಾಡಿದರೆ ಸಾಲದೇ ಎಂದು ನಿಮ್ಮತ್ತಿಗೆ ಕೇಳುತ್ತಾಳೆ. ಫೋನಿನಲ್ಲಿ ಆಡಿದ ಮಾತು ಯಾವ ಫೈಲಿನಲ್ಲೂ ಇರುವುದಿಲ್ಲ.

ಅಳತೆಯ ಬಗ್ಗೆ ಯೋಚಿಸಬೇಡ. ಹೊಸದಾಗಿ ಅಳೆಯಲೂ ಹೋಗಬೇಡ. ಹಳೆಯ ಪರವಾನಗಿಯಲ್ಲಿರುವುದನ್ನೇ ಅಕ್ಷರ ಬಿಡದೆ ಇಳಿಸು: ಅಗಲ ಎಂಟು ಅಡಿ. ಮೂವತ್ತು ವರ್ಷ ನಡೆದುಕೊಂಡು ಬಂದ ದಾಖಲೆ ಅದು. ನೋಂದಣಿ ಕೈಯಲ್ಲಿದೆ ಎಂದು ಅವಸರ ಮಾಡಬೇಡ. ಸಂಶಯ ಬಂದರೆ ನನಗೆ ಬರೆ.

ನಿನ್ನ ಅಣ್ಣ

*

ಜೂನ್ ೫

ಅಣ್ಣನಿಗೆ,

ಅರ್ಜಿ ಕೊಟ್ಟೆ. ಎಂಟು ಅಡಿ ಎಂದೇ ಬರೆದೆ, ಕೆಳಗೆ ನನ್ನ ಸಹಿ ಹಾಕಿದೆ. ಈಗ ನೋಡು ಏನಾಯಿತು.

ನಿನ್ನೆ ಇನ್‌ಸ್ಪೆಕ್ಟರ್ ಬಂದರು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚುರುಕು. ಏಣಿಯನ್ನೂ ಕೇಳಲಿಲ್ಲ. ಕೊಡೆಯ ಒಂದು ಅಂಚಿನಿಂದ ತೂಕದ ದಾರ ಇಳಿಬಿಟ್ಟು ನೆಲದ ಮೇಲೆ ಗೀಟು ಹಾಕಿದರು, ಎದುರು ಅಂಚಿನಿಂದ ಇನ್ನೊಂದು ಗೀಟು, ನಡುವೆ ಟೇಪು ಹಿಡಿದರು. ಆರೂವರೆ ಅಡಿ. ನಾನು ನಕ್ಕು, ಟೇಪು ಸರಿಯಾಗಿ ಹಿಡಿಯಿರಿ ಎಂದೆ. ಅವರು ಟೇಪನ್ನು ನನ್ನ ಕೈಗೇ ಕೊಟ್ಟರು. ಆರೂವರೆ ಅಡಿ.

"ಮೇಡಂ, ಪರವಾನಗಿ ಇರೋದು ಎಂಟು ಅಡಿ ಕೊಡೆಗೆ. ಇದು ಆ ಕೊಡೆ ಅಲ್ಲ. ಅದನ್ನ ಯಾವಾಗ ಇಳಿಸಿದ್ರಿ, ಇದನ್ನ ಯಾವಾಗ ಹಾಕಿದ್ರಿ?" ಎಂದರು.

ಕೊಡೆ ಅಂಗಡಿಯ ಸೊಸೆ, ತಾನು ಮದುವೆಯಾಗಿ ಬಂದಾಗಿನಿಂದ ಇದೇ ಕೊಡೆ ಎಂದು ವಾದ ಮಾಡಿದಳು. ಅವರು ಅದನ್ನೂ ಬರೆದುಕೊಂಡು ಹೋದರು. ಇವತ್ತು ನೋಟೀಸು ಬಂದಿದೆ. ಸೆಪ್ಟೆಂಬರ್ ೪ಕ್ಕೆ ವಿಚಾರಣೆ. ಇದು ಹಳೆಯ ಬೋರ್ಡೇ ಎಂದು ತೋರಿಸದಿದ್ದರೆ ಕೊಡೆಯನ್ನು ಕತ್ತರಿಸಿ ಇಳಿಸುತ್ತಾರೆ. ಸುಳ್ಳು ಅಳತೆ ಬರೆದದ್ದಕ್ಕೆ ನನ್ನ ನೋಂದಣಿಯೂ ರದ್ದಾಗುತ್ತದೆ. ಅದು ಬಂದು ಇನ್ನೂ ಒಂದು ತಿಂಗಳು ಆಗಿಲ್ಲ, ಅಣ್ಣ.

ಕೊಡೆ ಮಾಡಿದಾಗ ನಾನು ಶಾಲೆಯಲ್ಲಿದ್ದೆ. ಮಾಡಿದವನು ನೀನು. ಎಂಟು ಎಲ್ಲಿಂದ ಬಂತು?

ಸುತ್ತಿಗೆ

*

ಜೂನ್ ೧೧

ಸುತ್ತಿಗೆಗೆ,

ಎಲ್ಲಿಂದ ಬಂತು ಎಂದು ಕೇಳುತ್ತೀಯಲ್ಲ, ಹೇಳುತ್ತೇನೆ. ಟೈಪ್ ಮಾಡುವವರ ಬೆರಳಿನಿಂದ ಬಂತು.

ಇಪ್ಪತ್ತೇಳು ವರ್ಷದ ಹಿಂದೆ, ಮೊದಲ ನವೀಕರಣದ ಸಮಯ. ಮೊದಲ ಪರವಾನಗಿಗೆ ಅಳತೆ ಕೇಳಿರಲಿಲ್ಲ. ಪರವಾನಗಿ ವಿಭಾಗದಲ್ಲಿ ಒಬ್ಬ ಟೈಪಿಸ್ಟ್ ಇದ್ದರು. ದಪ್ಪ ಕನ್ನಡಕ, ಮಾತು ಕಡಿಮೆ. ನಾನು ಅಚ್ಚುಕಟ್ಟಾಗಿ ತುಂಬಿ ಕೊಟ್ಟ ಅರ್ಜಿಯ ಪಕ್ಕದಲ್ಲಿ ಆಕೆ ಪೆನ್ಸಿಲಿನಿಂದ ಏನೋ ಗೀಚಿದ್ದನ್ನು ಕಿಟಕಿಯ ಈಚೆಯಿಂದ ಕಣ್ಣಾರೆ ಕಂಡೆ. ನಾಗರಿಕನ ದಾಖಲೆಯ ಮೇಲೆ ಗೀಚಲು ಇವರಿಗೆ ಯಾರು ಅಧಿಕಾರ ಕೊಟ್ಟರು? ಏನು ಗೀಚಿದ್ದಾರೆಂದು ನೋಡುವ ಗೋಜಿಗೂ ಹೋಗದೆ ಎರಡು ಪುಟದ ದೂರು ಕೊಟ್ಟೆ. ಆಕೆಗೆ ಲಿಖಿತ ಎಚ್ಚರಿಕೆ ಬಂತು. ಅದರ ನಕಲೂ ನನ್ನಲ್ಲಿದೆ. ಆ ಸಿಟ್ಟಿಗೆ ಆರೂವರೆಯನ್ನು ಎಂಟು ಮಾಡಿರಬೇಕು.

ನೀನು ಹೋಗಿ ನನ್ನ ಮೂಲ ಅರ್ಜಿ ತೆಗೆಸು. ನನ್ನ ಕೈಬರಹದಲ್ಲಿ ಆರೂವರೆ ಇರುತ್ತದೆ, ಪರವಾನಗಿಯಲ್ಲಿ ಮಾತ್ರ ಎಂಟು. ಎರಡನ್ನೂ ಪಕ್ಕಪಕ್ಕ ಅಧಿಕಾರಿಯ ಮುಂದಿಡು. ಮಾತಾಡುವ ಕೆಲಸವನ್ನು ಕಾಗದವೇ ಮಾಡುತ್ತದೆ. ಬಹಳ ದಿನದ ಮೇಲೆ ನನಗೆ ಇವತ್ತು ಚೆನ್ನಾಗಿ ಹಸಿವಾಯಿತು ಎಂದು ನಿಮ್ಮತ್ತಿಗೆ ಹೇಳಿದಳು.

ನಿನ್ನ ಅಣ್ಣ

*

ಜೂನ್ ೨೯

ಅಣ್ಣನಿಗೆ,

ಮೂರು ದಿನ ದಾಖಲೆ ಕೋಣೆಯ ಧೂಳು ಕುಡಿದ ಮೇಲೆ ಮೊನ್ನೆ ಅರ್ಜಿ ಸಿಕ್ಕಿತು. ಕಟ್ಟು ಬಿಚ್ಚಿ ಕೊಟ್ಟದ್ದು ಅಲ್ಲಿನ ಗುಮಾಸ್ತರು.

ನಾನು ಏನೂ ಹೇಳುವುದಿಲ್ಲ. ಜೆರಾಕ್ಸ್ ಇಟ್ಟಿದ್ದೇನೆ, ನೀನೇ ನೋಡು. ಅಗಲ ಎಂಬಲ್ಲಿ ಎಂಟು ಅಡಿ ಎಂದಿದೆ. ಕೈಬರಹ ನಿನ್ನದು. ಪಕ್ಕದಲ್ಲಿ, ಬೇರೆ ಕೈಯಲ್ಲಿ, ಪೆನ್ಸಿಲಿನಲ್ಲಿ: 'ಸ್ಥಳದಲ್ಲಿ ಆರೂವರೆ. ಗುತ್ತಿಗೆದಾರರನ್ನು ಕೇಳುವುದು.'

ಅಲ್ಲಿಂದ ಓಡಿದವಳು ನೇರವಾಗಿ ಕೊಡೆ ಅಂಗಡಿಗೆ ಹೋಗಿ ಏಣಿ ಹತ್ತಿದೆ. ಒಂದು ಅಂಚಿನಿಂದ ನೆತ್ತಿಯ ಮೇಲೆ ಹಾಯಿಸಿ ಎದುರು ಅಂಚಿನ ತನಕ ಕೊಡೆಯ ಬೆನ್ನಿನ ಮೇಲೆಯೇ ಹಗ್ಗ ಎಳೆದೆ. ಕೆಳಗಿಳಿದು ಹಗ್ಗವನ್ನು ಅಳೆದೆ. ಎಂಟು ಅಡಿ, ಒಂದು ನೂಲೂ ಹೆಚ್ಚುಕಡಿಮೆಯಿಲ್ಲ. ಫುಟ್‌ಪಾತಿನಲ್ಲಿ ಒಬ್ಬಳೇ ಕುಣಿದೆ ಎಂದು ಅಂಗಡಿಯ ಸೊಸೆ ಬೀದಿಗೆಲ್ಲ ಹೇಳುತ್ತಿದ್ದಾಳೆ. ಕುಣಿದದ್ದು ನಿಜ. ನೀನು ಬರೆದದ್ದು ತಗಡು ಕತ್ತರಿಸುವ ಅಳತೆ. ನಾಲ್ಕು ಅಡಿಯ ಎಸಳು, ಎದುರುಬದುರು ಎರಡು. ಬಡಿದು ಬಗ್ಗಿಸಿದ ಮೇಲೆ ಅದು ಆರೂವರೆ ಆಗುತ್ತದೆ. ನಾನೂ ಇವತ್ತಿನ ತನಕ ಶೆಡ್ಡಿನಲ್ಲಿ ಹಾಗೆಯೇ ಅಳೆಯುತ್ತೇನೆ. ಎಂಟು ಅಡಿ ಕೊಡೆ ಎಂದರೆ ನಮಗಿಬ್ಬರಿಗೂ ಇದೇ ಕೊಡೆ. ಬೇರೆ ಯಾರಿಗೂ ಅಲ್ಲ.

ಹಗ್ಗವನ್ನು ಅಧಿಕಾರಿಗೆ ತೋರಿಸಿದೆ. ಒಪ್ಪಿದರು, ಆದರೆ ಪೂರ್ತಿ ಅಲ್ಲ. ಹೋದ ವರ್ಷ ಮಾಡಿದ ಕೊಡೆಗೂ ಇದೇ ಲೆಕ್ಕ ಬರುತ್ತದಲ್ಲ ಎಂದರು. ಇದು ಹಳೆಯ ಕೊಡೆಯೇ ಎಂದು ತೋರಿಸಲು ಇರುವುದು ಆ ಪೆನ್ಸಿಲ್ ಬರಹ ಒಂದೇ. ಇಪ್ಪತ್ತೇಳು ವರ್ಷದ ಹಿಂದೆಯೂ ಅದು ಆರೂವರೆ ಇತ್ತು ಎಂದು ಹೇಳುವುದು ಅದೊಂದೇ. ಆದರೆ ಪೆನ್ಸಿಲಿಗೆ ತಾರೀಕಿಲ್ಲ. ಬರೆದವರು ಬಂದು, ನನ್ನದು, ಆಗ ಬರೆದದ್ದು ಎಂದು ಹೇಳಬೇಕು ಎಂದರು ಗುಮಾಸ್ತರು; ಅರ್ಜಿಯನ್ನು ಅಧಿಕಾರಿಗೆ ನಾನಿನ್ನೂ ತೋರಿಸಿಲ್ಲ.

ಗುಮಾಸ್ತರು ಇನ್ನೊಂದು ದಾರಿ ತೋರಿಸಿದರು. ಹೊರಗೆ ಕಾರಿಡಾರಿನಲ್ಲಿ, ದನಿ ತಗ್ಗಿಸಿ. "ಹಳೇ ಹಾಳೆ ಸಿಗಲಿಲ್ಲ ಅಂತ ನಾನು ಬರೀತೀನಿ. ಟೈಪಿಂಗ್ ತಪ್ಪು ಅಂತ ನಿಮ್ಮಣ್ಣ ಒಂದು ಸಾಲು ಬರೆದು ಸಹಿ ಹಾಕಲಿ. ವಾರದಲ್ಲಿ ಮುಗಿಯುತ್ತೆ. ಆಕೆ ರಿಟೈರ್ ಆಗಿದ್ದಾರೆ, ಯಾರಿಗೇನು ನಷ್ಟ?"

ಆ ಟೈಪಿಸ್ಟ್ ಪುರಸಭೆಯ ಹಿಂದಿನ ಬೀದಿಯಲ್ಲೇ ಇದ್ದಾರೆ. ಹೋಗಿದ್ದೆ. ಟೀ ಕೊಟ್ಟರು. ಜೆರಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಿನ್ನ ಅರ್ಜಿ ಬಂದ ದಿನ ಸಂಜೆ ಮಳೆ ಬಂತಂತೆ. ಮನೆಗೆ ಹೋಗುತ್ತಾ ನಮ್ಮ ಕೊಡೆಯ ಕೆಳಗೆ ನಿಂತರಂತೆ. ಅಲ್ಲಿನ ಫುಟ್‌ಪಾತಿನ ಕಲ್ಲು ಒಂದೊಂದೂ ಒಂದು ಅಡಿ. ನೆನೆಯದೆ ಉಳಿದ ಕಲ್ಲುಗಳನ್ನು ಎಣಿಸಿದರಂತೆ: ಆರೂವರೆ. ಬೆಳಗ್ಗೆ ಅರ್ಜಿಯಲ್ಲಿ ಎಂಟು ಎಂದು ಓದಿದ್ದು ನೆನಪಿತ್ತು, ಮರುದಿನ ಗುರುತು ಹಾಕಿದರು. ನಿನ್ನ ದೂರಿನಿಂದ ಆ ವರ್ಷ ಅವರಿಗೆ ಬರಬೇಕಾಗಿದ್ದ ಬಡ್ತಿ ತಪ್ಪಿತು. ಇದನ್ನು ಅವರು ಹೇಳಲಿಲ್ಲ, ಗುಮಾಸ್ತರು ಹೇಳಿದ್ದು.

ವಿಚಾರಣೆಗೆ ಬರುತ್ತೀರಾ ಎಂದು ಕೇಳಿದೆ. ಲೋಟ ಎತ್ತಿಡುತ್ತಾ ಅವರು ಹೇಳಿದ್ದು ಇಷ್ಟು: "ಬರ್ತೀನಮ್ಮ. ದೂರು ಬರೆದು ಕೊಟ್ಟಿದ್ರಲ್ಲ ನಿಮ್ಮಣ್ಣ, ಇದನ್ನೂ ಬರೆದು ಕೊಡಲಿ. ಅವರ ಕೈಯಲ್ಲೇ."

ಎರಡು ದಾರಿಗೂ ನಿನ್ನ ಸಹಿಯೇ ಬೇಕು. ನನ್ನ ನೋಂದಣಿಯ ಮೊದಲ ಫೈಲು ಇದು.

ಸುತ್ತಿಗೆ

*

ಜುಲೈ ೨೧

ಅಣ್ಣನಿಗೆ,

ಮೂರು ವಾರವಾಯಿತು. ಕಾಗದ ತಲುಪಿತೇ? ತಲುಪಿದೆ ಎಂದು ಅಂಚೆಯವರ ಚೀಟಿ ಹೇಳುತ್ತದೆ. ಒಂದು ದೂರಿಗೆ ಉತ್ತರ ಬರುವುದು ಏಳು ದಿನ ತಡವಾದರೆ ನೀನು ಎರಡನೇ ದೂರು ಬರೆಯುತ್ತಿದ್ದೆ. ನಾನು ಬರೆಯುತ್ತಿಲ್ಲ. ಕಾಯುತ್ತಿದ್ದೇನೆ.

ಸುತ್ತಿಗೆ

*

ಆಗಸ್ಟ್ ೨

ನಾದಿನಿಗೆ,

ಇವರ ಬದಲಿಗೆ ನಾನು ಬರೆಯುತ್ತಿದ್ದೇನೆ, ಇವರಿಗೆ ಗೊತ್ತಿಲ್ಲ. ನಿನ್ನ ಕಾಗದ ಬಂದ ದಿನ ಟ್ರಂಕು ತೆರೆದರು, ಇನ್ನೂ ಮುಚ್ಚಿಲ್ಲ. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲ ಕಡೆ ದೂರಿನ ನಕಲುಗಳು. ಒಂದೊಂದನ್ನೂ ಓದುತ್ತಾರೆ, ಪಕ್ಕಕ್ಕಿಡುತ್ತಾರೆ. ಎಷ್ಟು ಜನರ ಮೇಲೆ ಬರೆದಿದ್ದೇನೆ ನೋಡು ಎಂದು ಮೊದಲ ವಾರ ಹೆಮ್ಮೆಯಿಂದ ಎಣಿಸಿದರು. ಎರಡನೇ ವಾರ ಎಣಿಸಲಿಲ್ಲ.

ಹೋದ ಭಾನುವಾರ ನನ್ನ ದೊಡ್ಡ ಬೋಗುಣಿಯನ್ನು ಬೋರಲು ಹಾಕಿಕೊಂಡು, ಹಳೆಯ ಪೇಪರಿನಲ್ಲಿ ಎಂಟು ಎಸಳು ಕತ್ತರಿಸಿ, ಅದರ ಮೇಲೆ ಅಂಟಿಸುತ್ತಾ ಕೂತರು. ಇದೇನು ಎಂದು ಕೇಳಿದೆ. "ಏನಿಲ್ಲ, ಅಳತೆ ನೋಡ್ತಿದ್ದೀನಿ" ಎಂದರು. ಆಮೇಲೆ ಸ್ಕೇಲು ಇಟ್ಟು ನೋಡಿದರು. ಮತ್ತೊಮ್ಮೆ ಇಟ್ಟು ನೋಡಿದರು. ಬೋಗುಣಿಗೆ ಅಂಟು ಮೆತ್ತಿಕೊಂಡು ಎರಡು ದಿನ ತಿಕ್ಕಿದ್ದೇನೆ, ಅದು ಬೇರೆ ಮಾತು.

ಸಹಿ ಮಾಡಿಬಿಡಿ, ಟೈಪಿಂಗ್ ತಪ್ಪು ಎಂದರೆ ಮುಗಿಯಿತಲ್ಲ ಎಂದು ನಾನೂ ಹೇಳಿದೆ. ನಿನ್ನ ನೋಂದಣಿಯ ಚಿಂತೆ ನನಗೆ. ಅವರು ನನ್ನ ಮೇಲೆ ರೇಗಲಿಲ್ಲ. ಅದಕ್ಕೇ ನನಗೆ ಗಾಬರಿ.

ಅತ್ತಿಗೆ

*

ಆಗಸ್ಟ್ ೧೩
(ಟೈಪಿಸ್ಟ್ ಮೇಡಂ ಅವರಿಗೆ ಬರೆದ ಪತ್ರದ ಮೂರನೆಯ ಪುಟ)

...ಇಷ್ಟು ನಿಯಮಗಳ ವಿಷಯ. ಹಳೆಯ ಬೋರ್ಡನ್ನು ಉಳಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ಮೇಲಿನ ಎರಡು ಪುಟಗಳಲ್ಲಿ ವಿವರಿಸಿದ್ದೇನೆ.

ಇನ್ನು ಅಳತೆಯ ವಿಷಯ. ಆ ಅರ್ಜಿಯನ್ನು ನಾನು ಶೆಡ್ಡಿನ ಕಟ್ಟೆಯ ಮೇಲೆ ಕೂತು ತುಂಬಿದೆ. ಎದುರಿಗೆ, ಕೊಡೆಗೆ ತಗಡು ಕತ್ತರಿಸಿದಾಗ ಬರೆದಿಟ್ಟ ಹಳೆಯ ಚೀಟಿ ಇತ್ತು. ಅದನ್ನು ನೋಡಿ ಎಂಟು ಎಂದು ಬರೆದೆ. ತಗಡಿನ ಕೆಲಸದವನಿಗೆ ಎಷ್ಟು ತಗಡು ಬೇಕೋ ಅದೇ ಅಳತೆ. ಮೇಲೇರಿಸಿದ ಮೇಲೆ ಅದು ಎಷ್ಟು ಜಾಗ ಹಿಡಿಯುತ್ತದೆ ಎಂದು ನಾನು ನೋಡಲಿಲ್ಲ. ಆಮೇಲೆ ಪ್ರತಿ ನವೀಕರಣಕ್ಕೂ ಅದನ್ನೇ ಇಳಿಸಿದೆ. ಇಷ್ಟು ವರ್ಷದಲ್ಲಿ ಕೊಡೆಯ ಕೆಳಗೆ ನಿಂತು ಅದನ್ನು ಅಳೆದವರು ತಾವೊಬ್ಬರೇ. ತಾವು ಬರೆದದ್ದು ಸರಿ. ನಾನು ಬರೆದದ್ದು ತಪ್ಪು.

ತಮ್ಮ ಮೇಲೆ ನಾನು ದೂರು ಕೊಟ್ಟಾಗ, ತಾವು ಗುರುತು ಹಾಕಿದ್ದು ಏನೆಂದು ಓದಿಯೇ ಇರಲಿಲ್ಲ. ಓದಿದ್ದರೆ ಎರಡು ನಿಮಿಷದಲ್ಲಿ ತಿದ್ದಿಕೊಳ್ಳಬಹುದಿತ್ತು. ಅಷ್ಟು ಪುಸ್ತಕ, ಅಷ್ಟು ನಿಯಮ ಓದಿದ ನಾನು ಆ ನಾಲ್ಕು ಪದ ಓದಲಿಲ್ಲ. ಆ ದೂರನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಇಪ್ಪತ್ತೇಳು ವರ್ಷದ ನಂತರ ಹಿಂತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲ, ಹುಡುಕಿದೆ. ಆದ್ದರಿಂದ ನಿಯಮವಿಲ್ಲದೆಯೇ ಬರೆಯುತ್ತಿದ್ದೇನೆ. ತಮ್ಮ ಬಡ್ತಿಯನ್ನು ಹಿಂದಕ್ಕೆ ಕೊಡಲು ನನ್ನಿಂದಾಗದು.

ಇದರ ಒಂದು ಪ್ರತಿಯನ್ನು ಪರವಾನಗಿ ಅಧಿಕಾರಿಗಳಿಗೂ ಕಳಿಸಿದ್ದೇನೆ. ಟೈಪಿಂಗ್ ತಪ್ಪಾಗಿಲ್ಲ ಎಂದು ಅದರಲ್ಲಿ ಪ್ರತ್ಯೇಕವಾಗಿ ಬರೆದು ಸಹಿ ಮಾಡಿದ್ದೇನೆ.

ಇಂತಿ,
ಕೊಡೆಯನ್ನು ಮಾಡಿದ ಗುತ್ತಿಗೆದಾರ

*

ಸೆಪ್ಟೆಂಬರ್ ೫

ಅಣ್ಣ, ಅಣ್ಣ,

ಕೊಡೆ ಉಳಿಯಿತು! ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಬೈಯಬೇಡ.

ನಿನ್ನೆ ಹತ್ತೂವರೆಗೆ ವಿಚಾರಣೆ. ನಾನು ಒಂಬತ್ತಕ್ಕೇ ಹೋಗಿ ಬೆಂಚಿನ ಮೇಲೆ ಕೂತಿದ್ದೆ. ತೊಡೆಯ ಮೇಲೆ ಹಗ್ಗದ ಸುರುಳಿ, ಜೊತೆಗೆ ಶೆಡ್ಡಿನಲ್ಲಿ ಹೊಸದಾಗಿ ಬಡಿದ ಒಂದು ಎಸಳು. ಹತ್ತಾಯಿತು, ಹತ್ತೂಕಾಲಾಯಿತು, ಟೈಪಿಸ್ಟ್ ಮೇಡಂ ಇಲ್ಲ. ನೀನು ಪತ್ರ ಹಾಕಿದ್ದನ್ನು ಅತ್ತಿಗೆ ತಿಳಿಸಿದ್ದರು, ಆದರೆ ಅದು ಅವರಿಗೆ ತಲುಪಿದೆಯೋ ಇಲ್ಲವೋ, ತಲುಪಿದರೂ ಓದಿದ್ದಾರೋ ಇಲ್ಲವೋ ಗೊತ್ತಿಲ್ಲ. ಮೂರು ಸಲ ಹೋಗಿ ಮೆಟ್ಟಿಲ ಬುಡ ನೋಡಿ ಬಂದೆ. ನನ್ನ ಹೆಸರು ಕೂಗುವ ಹೊತ್ತಿಗೆ ಅವರು ನಿಧಾನವಾಗಿ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಳೆಯ ಸಹೋದ್ಯೋಗಿಗಳು ಒಬ್ಬೊಬ್ಬರೂ ನಿಲ್ಲಿಸಿ ಮಾತನಾಡಿಸಿದ್ದರಿಂದ ತಡವಾಯಿತಂತೆ.

ಅಧಿಕಾರಿ ನಿನ್ನ ಹೇಳಿಕೆ ಓದಿದ್ದರು. ಎಸಳನ್ನು ಮೇಜಿನ ಮೇಲಿಟ್ಟು ಹಗ್ಗ ಹಾಕಿ ತೋರಿಸಿದೆ. ಬಗ್ಗಿಸುವ ಮೊದಲು ಎಷ್ಟು, ಬಗ್ಗಿಸಿದ ಮೇಲೆ ಎಷ್ಟು ಎಂದು ಇನ್‌ಸ್ಪೆಕ್ಟರೇ ಮುಂದೆ ಬಂದು ಟೇಪು ಹಿಡಿದರು. ಅಕ್ಕಪಕ್ಕದ ಮೇಜಿನವರೂ ಎದ್ದು ಬಂದು ಸುತ್ತ ನಿಂತರು. ಆಮೇಲೆ ಅಧಿಕಾರಿ ಅರ್ಜಿಯನ್ನು ಟೈಪಿಸ್ಟ್ ಮೇಡಂ ಮುಂದೆ ಸರಿಸಿ, ಈ ಬರಹ ನಿಮ್ಮದೇ ಎಂದು ಕೇಳಿದರು. ಅವರು ಕನ್ನಡಕ ಬದಲಿಸಿದರು.

"ನನ್ನದೇ. ಮೊದಲ ನವೀಕರಣದಲ್ಲಿ ಬರೆದದ್ದು."

"ಆಗಲೇ ಯಾಕೆ ಹೇಳಲಿಲ್ಲ ಮೇಡಂ?"

"ಹೇಳಿದ್ದೆ. ನಿಮ್ಮ ಮೇಜಿನ ಮೇಲೆ ಇರೋದೇ ಅದು."

ಅಧಿಕಾರಿ ಅಲ್ಲೇ ಆದೇಶ ಬರೆಸಿದರು. ವರ್ಗಾವಣೆ ಆಯಿತು, ನವೀಕರಣ ಆಯಿತು, ಅಳತೆ ತಿದ್ದುಪಡಿಯೂ ಅದೇ ಆದೇಶದಲ್ಲಿ ಆಯಿತು. ನನ್ನ ಮೇಲಿನ ನೋಟೀಸು ರದ್ದು. ಪರವಾನಗಿಯ ನಕಲು ಇದರ ಜೊತೆಗಿದೆ. ಈ ಸಲ ಶಾಯಿ ಒಣಗುವ ತನಕ ಊದುತ್ತಾ ನಿಂತಿದ್ದೆ.

ಮೆಟ್ಟಿಲಿಳಿಯುವಾಗ ಟೈಪಿಸ್ಟ್ ಮೇಡಂ ನನ್ನ ಭುಜ ಹಿಡಿದುಕೊಂಡರು. ನಿನ್ನ ಪತ್ರ ಓದಿದಿರಾ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಅವರೇ ಹೇಳಿದರು: "ನಿಮ್ಮಣ್ಣ ಎರಡು ಪುಟ ಬರೀ ನಿಯಮ ಬರೆದಿದ್ದಾರೆ. ಇರಲಿ ಬಿಡಮ್ಮ. ಮೂರನೇ ಪುಟಕ್ಕೆ ಬರೋಕೆ ಅವರು ಅಷ್ಟು ದೂರ ನಡೀಬೇಕಿತ್ತು."

ಆಮೇಲೆ ಕೊಡೆ ಅಂಗಡಿಯ ತನಕ ಬಂದು, ಕೆಳಗೆ ನಿಂತು ಮೇಲೆ ನೋಡಿ, ಬಣ್ಣ ಮಂಕಾಗಿದೆ, ಗುತ್ತಿಗೆದಾರರು ಗಮನಿಸಬೇಕು ಎಂದರು. ಗುತ್ತಿಗೆದಾರರು ಎಂದದ್ದು ನನ್ನನ್ನು!

ಸುತ್ತಿಗೆ

*

ಸೆಪ್ಟೆಂಬರ್ ೧೪

ಪ್ರೀತಿಯ ಸುತ್ತಿಗೆಗೆ,

ಪರವಾನಗಿಯ ನಕಲನ್ನು ಮೂರು ಸಲ ಓದಿದೆ. ವಾರ್ಡು ಸರಿ, ತಾರೀಕು ಸರಿ, ಅಳತೆ ಸರಿ. ದೂರು ಕೊಡಲು ಏನೂ ಸಿಗಲಿಲ್ಲ. ನಿಮ್ಮತ್ತಿಗೆ ಅದನ್ನು ತೆಗೆದುಕೊಂಡು ಹೋಗಿ ನೆರೆಮನೆಯವರಿಗೆ ತೋರಿಸಿ ಬಂದಳು.

ಒಂದು ವಿಷಯ ನಿನಗೆ ಹೇಳಿಲ್ಲ. ಮೇ ತಿಂಗಳಲ್ಲಿ ನಿನಗೆ ನೋಂದಣಿ ಬಂದ ಮೇಲೆ ನನ್ನದನ್ನು ನಾನು ಬಿಟ್ಟುಕೊಡಬೇಕಿತ್ತು. ಬಿಡಲಿಲ್ಲ. ನಿನಗೆ ತಿಳಿಸದೆ ಅದನ್ನು ಇನ್ನೂ ಮೂರು ವರ್ಷಕ್ಕೆ ನವೀಕರಿಸಿ ಇಟ್ಟುಕೊಂಡೆ. ನೀನೆಲ್ಲಾದರೂ ಎಡವಿದರೆ ಹಿಡಿದುಕೊಳ್ಳಲು ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೊಸದಾಗಿ ಅಳೆಯಬೇಡ ಎಂದು ನಾನು ಹೇಳದಿದ್ದರೆ ನೀನು ಮೊದಲ ದಿನವೇ ಏಣಿ ಹತ್ತಿ ಅಳೆದಿರುತ್ತಿದ್ದೆ, ಈ ನಾಲ್ಕು ತಿಂಗಳ ಪಾಡೇ ಇರುತ್ತಿರಲಿಲ್ಲ.

ಇವತ್ತು ಬೆಳಗ್ಗೆ ನನ್ನ ನೋಂದಣಿಯನ್ನು ಹಿಂದಿರುಗಿಸುವ ಅರ್ಜಿ ತುಂಬಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಕಾರಣ ಎಂಬ ಜಾಗದಲ್ಲಿ ವಯಸ್ಸು ಎಂದು ಬರೆಯಲು ಹೊರಟಿದ್ದೆ. ಅದು ನಿಜವಲ್ಲ. 'ಈ ಕೆಲಸಕ್ಕೆ ನನ್ನ ತಂಗಿ ಇದ್ದಾಳೆ' ಎಂದು ಬರೆದೆ. ಅಂಥ ಕಾರಣವನ್ನು ಅವರು ಒಪ್ಪುತ್ತಾರೋ ಇಲ್ಲವೋ ನೋಡೋಣ.

ಇನ್ನು ನಾನು ಯಾವ ಬೋರ್ಡಿಗೂ ಸಹಿ ಹಾಕುವ ಹಾಗಿಲ್ಲ. ಬಣ್ಣ ಹೊಡೆಯಲು ಮಾತ್ರ ಯಾರ ಪರವಾನಗಿಯೂ ಬೇಡ. ಇಪ್ಪತ್ತೆರಡನೇ ತಾರೀಕಿನ ಬಸ್ಸಿಗೆ ಟಿಕೆಟ್ ತೆಗೆದುಕೊಂಡಿದ್ದೇನೆ. ಯಾವ ಬಣ್ಣ ಎಂದು ಗುತ್ತಿಗೆದಾರರು ಮೊದಲೇ ತಿಳಿಸಿದರೆ ಬ್ರಷ್ಷುಗಳನ್ನು ನೆನೆಹಾಕಿಟ್ಟುಕೊಂಡು ಬರುತ್ತೇನೆ.

ನಿನ್ನ ಅಣ್ಣ